ಎಡಗಾಲಿನ ಚಪ್ಪಲಿ ಜಾರುತ್ತಿದೆ ಅಂದಿರಲ್ಲ, ಮೊದಲು ಅದನ್ನು ನೋಡೋಣ

ಪ್ರಶ್ನೆ: ನಮ್ಮದು ತಿಪಟೂರು ಕಡೆ. ನನ್ನ ಯಜಮಾನರಿಗೆ 39 ವರ್ಷ, ಕೊಬ್ಬರಿ ಮಂಡಿಯಲ್ಲಿ ಕೆಲಸ. ಐದು ವಾರದ ಹಿಂದೆ ಚೀಲ ಎತ್ತುವಾಗ ಸೊಂಟದಲ್ಲಿ ಚಳುಕು ಹೊಡೆದಂತಾಯಿತು. ಮಾರನೇ ದಿನದಿಂದ ಎಡ ಕುಂಡೆಯಿಂದ ತೊಡೆ, ಮೊಣಕಾಲಿನ ಕೆಳಗೆ ಹೊರಬದಿ, ಹೆಬ್ಬೆರಳಿನ ತನಕ ಕರೆಂಟ್ ಹೊಡೆದ ಹಾಗೆ ನೋವು. ಕೂತರೆ, ಕೆಮ್ಮಿದರೆ ಜಾಸ್ತಿ. ಎಂಆರ್‌ಐ ಮಾಡಿಸಿದೆವು. ಎಲ್4-ಎಲ್5ರಲ್ಲಿ ಡಿಸ್ಕ್ ಎಕ್ಸ್‌ಟ್ರೂಷನ್, ಎಡಗಡೆ ನರದ ಮೇಲೆ ಒತ್ತಡ, ಎಲ್5-ಎಸ್1ರಲ್ಲಿ ಬಲ್ಜ್ ಅಂತ ಬಂದಿದೆ. ಒಬ್ಬ ಡಾಕ್ಟರು ರಿಪೋರ್ಟ್ ನೋಡಿ, ಒಂದು ವಾರದೊಳಗೆ ಆಪರೇಷನ್ ಆಗದಿದ್ದರೆ ಕಾಲು ಬಿದ್ದುಹೋಗುತ್ತೆ ಅಂದರು. ಇನ್ನೊಬ್ಬರು ಮೂರು ತಿಂಗಳು ಹಲಗೆ ಮೇಲೆ ಮಲಗಿಸಿ ಅಂದರು. ಬೆನ್ನಿಗೆ ಕತ್ತಿ ತಾಗಿದರೆ ಮನುಷ್ಯ ಮತ್ತೆ ಏಳಲ್ಲ ಅಂತ ಅತ್ತೆಯವರ ಹೆದರಿಕೆ. ಕಾಲು ಮುಂದಾಗಿ ಹುಟ್ಟಿದವರೊಬ್ಬರನ್ನು ಕರೆಸಿ ಭಾನುವಾರ ಸೊಂಟ ತುಳಿಸೋದು ಅಂತ ಮಾಡಿದ್ದಾರೆ. ಈಗ ನೋವು ಮೊದಲಿನಷ್ಟಿಲ್ಲ. ಆದರೆ ಮೂರು ನಾಲ್ಕು ದಿನದಿಂದ ನಡೆಯುವಾಗ ಎಡಗಾಲಿನ ಹವಾಯಿ ಚಪ್ಪಲಿ ಕಳಚಿ ಹಿಂದೆ ಉಳಿಯುತ್ತೆ. ಆಪರೇಷನ್ ಬೇಕಾ, ಬೇಡವಾ? ಮುಂದೆ ಚೀಲ ಎತ್ತೋಕಾಗುತ್ತಾ? ಮಗಳು ಇನ್ನೂ ಐದನೇ ಕ್ಲಾಸು.

ಉತ್ತರ: ನಿಮ್ಮ ಪತ್ರದಲ್ಲಿ ಎಂಆರ್‌ಐ ಬಗ್ಗೆ ಇದೆ, ಇಬ್ಬರು ಡಾಕ್ಟರ ಮಾತು ಇದೆ, ಅತ್ತೆಯವರ ಭಯ ಇದೆ. ನನ್ನ ಕಣ್ಣು ನಿಂತದ್ದು ಮಾತ್ರ ಕೊನೆಗೆ ಬರೆದಿರುವ ಚಪ್ಪಲಿಯ ಮಾತಿನ ಮೇಲೆ. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ನನ್ನ ಕೆಲಸ. ಒಪಿಡಿಯಲ್ಲಿ ಕಾಲುನೋವು ಅಂತ ಬಂದ ಪ್ರತಿಯೊಬ್ಬರನ್ನೂ ನಾನು ಕೇಳುವ ಪ್ರಶ್ನೆ ಅದು: ನಡೆಯುವಾಗ ಚಪ್ಪಲಿ ಜಾರುತ್ತಾ? ಜಾರಿದ್ದು ಗೊತ್ತಾಗುತ್ತಾ, ಅಥವಾ ನಾಲ್ಕು ಹೆಜ್ಜೆ ಹೋದ ಮೇಲೆ ಬರಿಗಾಲು ನೋಡಿಕೊಂಡು ತಿಳಿಯುತ್ತಾ? ಗೊತ್ತಾಗಿಯೂ ಹಿಡಿದುಕೊಳ್ಳೋಕೆ ಆಗದಿದ್ದರೆ ಪಾದದ ಸ್ನಾಯುವಿನ ಬಲ ಕುಗ್ಗಿದೆ ಅಂತ. ಗೊತ್ತೇ ಆಗದಿದ್ದರೆ ಸ್ಪರ್ಶ ಹೋಗಿದೆ ಅಂತ. ಎರಡರಲ್ಲಿ ಯಾವುದಾದರೂ, ಒತ್ತಡಕ್ಕೆ ಸಿಕ್ಕಿದ ನರ ತನ್ನ ಕೆಲಸ ಬಿಡುತ್ತಿದೆ.

ಹಾಗಾಗಿ ಮಿಕ್ಕಿದ್ದನ್ನು ಓದುವ ಮೊದಲೇ ಇದನ್ನು ತಿಳಿದುಕೊಳ್ಳಿ. ನಿಮ್ಮ ಯಜಮಾನರನ್ನು ನಾಳೆಯೋ ನಾಡಿದ್ದೋ ಒಬ್ಬ ಬೆನ್ನುಮೂಳೆ ತಜ್ಞರು ಅಥವಾ ನರಶಸ್ತ್ರಚಿಕಿತ್ಸಕರು ಮುಟ್ಟಿ ಪರೀಕ್ಷೆ ಮಾಡಬೇಕು. ರಿಪೋರ್ಟ್ ಓದಿದರೆ ಸಾಲದು, ಪಾದದ ಬಲ ನೋಡಬೇಕು. ಭಾನುವಾರದ ತುಳಿಸುವಿಕೆ ಬೇಡ.

ಮನೆಯಲ್ಲೇ ಈಗಲೇ ಒಂದು ಅಂದಾಜು ಮಾಡಿಕೊಳ್ಳಬಹುದು. ಅವರನ್ನು ಮಂಚದ ಮೇಲೆ ಮಲಗಿಸಿ, ಎರಡೂ ಪಾದಗಳನ್ನು ಮುಖದ ಕಡೆಗೆ ಎಳೆದುಕೊಳ್ಳೋಕೆ ಹೇಳಿ. ಎರಡೂ ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿಯಲಿ. ನೀವು ಒಂದೊಂದೇ ಬೆರಳಿನಿಂದ ಅವನ್ನು ಕೆಳಕ್ಕೆ ಒತ್ತಿ ನೋಡಿ. ಬಲಗಡೆಯದು ಗಟ್ಟಿಯಾಗಿ ನಿಂತು, ಎಡಗಡೆಯದು ಸುಲಭವಾಗಿ ಬಗ್ಗಿದರೆ ವ್ಯತ್ಯಾಸ ನಿಮ್ಮ ಬೆರಳಿಗೇ ತಿಳಿಯುತ್ತೆ. ಆಮೇಲೆ ಯಾರದ್ದಾದರೂ ಕೈ ಹಿಡಿದು ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಲಿ. ಎಡಗಾಲಿನ ಮುಂಭಾಗ ನೆಲಕ್ಕೆ ಬಡಿಯುತ್ತಿದ್ದರೆ ಅದೂ ಲೆಕ್ಕಕ್ಕೆ ಬಂತು. ಎಲ್4-ಎಲ್5ರ ಡಿಸ್ಕ್, ಅಂದರೆ ಸೊಂಟದ ನಾಲ್ಕನೇ ಐದನೇ ಮೂಳೆಗಳ ನಡುವಿನ ಮೆತ್ತೆ, ಸಾಮಾನ್ಯವಾಗಿ ಒತ್ತುವುದು ಸೊಂಟದ ಐದನೇ ನರವನ್ನು. ಹೆಬ್ಬೆರಳನ್ನೂ ಪಾದವನ್ನೂ ಮೇಲೆತ್ತುವುದು ಬಹುಮಟ್ಟಿಗೆ ಆ ನರದ ಕೆಲಸ. ನೀವು ಬರೆದ ನೋವಿನ ದಾರಿ ಅದಕ್ಕೆ ಸರಿಯಾಗಿ ಕೂಡುತ್ತೆ. ಕೆಳಗಿನ ಎಲ್5-ಎಸ್1 ಡಿಸ್ಕ್ ತೊಂದರೆ ಕೊಟ್ಟಿದ್ದರೆ ನೋವು ಕಾಲಿನ ಹಿಂಬದಿಯಿಂದ ಅಂಗಾಲು, ಕಿರುಬೆರಳಿನ ಕಡೆ ಹೋಗುತ್ತಿತ್ತು, ತುದಿಗಾಲಲ್ಲಿ ನಿಲ್ಲೋಕೆ ಕಷ್ಟವಾಗುತ್ತಿತ್ತು.

ನೋವು ಕಡಿಮೆಯಾಗಿದೆ ಅಂದಿದ್ದೀರಿ. ಐದನೇ ವಾರಕ್ಕೆ ನೋವು ಇಳಿಯುವುದು ಸಹಜ, ಒಳ್ಳೆಯದು ಕೂಡ. ಆದರೆ ನೋವು ಇಳಿದು ಜೊತೆಗೆ ಬಲವೂ ಇಳಿದರೆ ಅದು ವಾಸಿಯಾಗುವ ಲಕ್ಷಣ ಅಲ್ಲ. ನೋವು ಪೂರ್ತಿ ಹೋಯಿತು ಅಂತ ಖುಷಿಯಾಗಿ ಇದ್ದುಬಿಟ್ಟು, ಮೂರು ವಾರ ಬಿಟ್ಟು ಪಾದ ಎಳೆದುಕೊಂಡು ಬಂದವರನ್ನು ನೋಡಿದ್ದೇನೆ. ಸತ್ತ ನರ ನೋಯುವುದಿಲ್ಲ. ಬಲ ನಿಂತಲ್ಲೇ ನಿಂತಿದ್ದು ನೋವು ಇಳಿದಿದ್ದರೆ ಮಾತ್ರ ನೆಮ್ಮದಿ.

ಇನ್ನು ಡಿಸ್ಕ್ ಅಂದರೇನು ಅಂತ ಹೇಳಿಬಿಡುತ್ತೇನೆ. 'ಡಿಸ್ಕ್ ಜಾರಿದೆ' ಅನ್ನೋ ಮಾತಿನಿಂದಲೇ ಅರ್ಧ ತಪ್ಪು ಹುಟ್ಟುತ್ತೆ. ಡಿಸ್ಕ್ ಜಾರುವುದಿಲ್ಲ. ಅದು ಮೇಲಿನ ಮತ್ತು ಕೆಳಗಿನ ಮೂಳೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತೆ. ಕರಿಗಡುಬನ್ನು ನೆನೆಸಿಕೊಳ್ಳಿ: ಹೊರಗೆ ಗಟ್ಟಿ ಕಣಕ, ಒಳಗೆ ಮೆತ್ತನೆ ಹೂರಣ. ಡಿಸ್ಕಿನ ಹೊರಪದರ ಟೈರಿನ ಹಾಗೆ ಸುತ್ತುಸುತ್ತಾದ ನಾರಿನದು, ಒಳಗಿನದು ಲೋಳೆಯಂಥ ತಿರುಳು. ವರ್ಷಗಳ ಭಾರಕ್ಕೆ ನಾರು ಒಂದೊಂದೇ ಪದರ ಸೀಳುತ್ತ ಬಂದಿರುತ್ತೆ. ಒಂದು ದಿನ ಬಗ್ಗಿ ತಿರುಚಿ ಚೀಲ ಎತ್ತಿದಾಗ ಅಂಚು ಬಿರಿದು ಹೂರಣ ಹೊರಗೆ ಬರುತ್ತೆ. ಹೊರಪದರ ಬರೀ ಉಬ್ಬಿದ್ದರೆ ಬಲ್ಜ್, ತಿರುಳು ಹರಿದ ಜಾಗದಿಂದ ಹೊರಗೆ ಚಾಚಿದ್ದರೆ ಎಕ್ಸ್‌ಟ್ರೂಷನ್, ತುಂಡಾಗಿ ಬೇರ್ಪಟ್ಟರೆ ಸೀಕ್ವೆಸ್ಟ್ರೇಷನ್. ಸೊಂಟದ ಡಿಸ್ಕ್ ತೊಂದರೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕೊನೆಯ ಎರಡು ಡಿಸ್ಕುಗಳಲ್ಲೇ ಆಗುವುದು, ಯಾಕೆಂದರೆ ಭಾರವೂ ಬಾಗುವಿಕೆಯೂ ಅಲ್ಲೇ ಹೆಚ್ಚು. ಆವತ್ತು ಎತ್ತಿದ ಆ ಒಂದು ಚೀಲವೇ ಕಾರಣ ಅಂತ ಅವರು ತಮ್ಮನ್ನೇ ಬೈದುಕೊಳ್ಳುವುದು ಬೇಡ. ಡಿಸ್ಕ್ ಸವೆಯುವುದರಲ್ಲಿ ವಂಶದಿಂದ ಬಂದ ಗುಣಕ್ಕೆ ದೊಡ್ಡ ಪಾತ್ರ ಇದೆ. ಬೀಡಿ ಸಿಗರೇಟು ಇದ್ದರೆ ಅದೂ ಸೇರುತ್ತೆ, ಯಾಕೆಂದರೆ ಡಿಸ್ಕಿನ ಒಳಗೆ ರಕ್ತನಾಳಗಳಿಲ್ಲ. ಅಕ್ಕಪಕ್ಕದ ಮೂಳೆಯಿಂದ ಒಸರಿ ಬರುವ ಪೋಷಣೆಯೇ ಅದಕ್ಕೆ ಆಧಾರ. ಹೊಗೆ ಅದನ್ನೂ ಕಡಿಮೆ ಮಾಡುತ್ತೆ.

ನೋವು ಬರುವುದು ಒತ್ತಡದಿಂದ ಮಾತ್ರ ಅಲ್ಲ. ಹೊರಗೆ ಬಂದ ತಿರುಳು ನರದ ಸುತ್ತ ಉರಿಯೂತ ಎಬ್ಬಿಸುತ್ತೆ. ಆರಂಭದ ಎರಡು ಮೂರು ವಾರ ಅಷ್ಟು ಭಯಂಕರ ನೋವಿರುವುದು ಅದರಿಂದ. ಹಾಗೇ ಇದರಲ್ಲೇ ಒಂದು ಒಳ್ಳೆಯ ಸುದ್ದಿಯೂ ಇದೆ. ಆ ಉರಿಯೂತಕ್ಕೆ ಬಂದ ಕಣಗಳೇ ಹೊರಬಂದ ತಿರುಳನ್ನು ಮೆಲ್ಲಮೆಲ್ಲನೆ ತಿಂದು ಹಾಕುತ್ತವೆ. 2015ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ತುಂಡಾಗಿ ಬೇರ್ಪಟ್ಟವುಗಳಲ್ಲಿ ನೂರಕ್ಕೆ 96, ಎಕ್ಸ್‌ಟ್ರೂಷನ್‌ಗಳಲ್ಲಿ 70 ತಾವಾಗಿಯೇ ಕುಗ್ಗಿದ್ದವು. ಬರೀ ಬಲ್ಜ್‌ಗಳಲ್ಲಿ ಕುಗ್ಗಿದ್ದು 13 ಮಾತ್ರ. ಅಂದರೆ ಎಂಆರ್‌ಐಯಲ್ಲಿ ದೊಡ್ಡದಾಗಿ ಕಂಡದ್ದು ಕರಗುವ ಸಾಧ್ಯತೆಯೇ ಹೆಚ್ಚು. 'ಎಕ್ಸ್‌ಟ್ರೂಷನ್' ಅನ್ನೋ ಪದ ನೋಡಿದ ಮಾತ್ರಕ್ಕೆ ಆಪರೇಷನ್ ನಿಶ್ಚಯ ಅಂತ ಯಾರೂ ಹೇಳಬಾರದು. ಎಲ್5-ಎಸ್1ರ ಬಲ್ಜ್ ಅನ್ನು ನೀವು ಮರೆತುಬಿಡಬಹುದು. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಬಲ್ಜ್ ಕಂಡಿತ್ತು. ಬಿಳಿ ಕೂದಲಿನ ಹಾಗೆ ಅದು ವಯಸ್ಸಿನ ಗುರುತು.

ಹಾಗಾದರೆ ಆಪರೇಷನ್ ಯಾರಿಗೆ?

ಒಂದು ಪರಿಸ್ಥಿತಿಯಲ್ಲಿ ಯೋಚನೆಗೂ ಸಮಯ ಇಲ್ಲ. ಬೆನ್ನುಹುರಿ ಸೊಂಟದ ಒಂದನೇ ಎರಡನೇ ಮೂಳೆಯ ಹತ್ತಿರ ಮುಗಿಯುತ್ತೆ. ಅಲ್ಲಿಂದ ಕೆಳಕ್ಕೆ ನರಗಳು ಕುದುರೆ ಬಾಲದ ಕೂದಲಿನ ಹಾಗೆ ಕಟ್ಟಾಗಿ ಇಳಿಯುತ್ತವೆ. ದೊಡ್ಡ ತುಂಡೊಂದು ಆ ಇಡೀ ಕಟ್ಟನ್ನು ಒತ್ತಿದರೆ ಮೂತ್ರ, ಮಲ, ಜನನಾಂಗದ ನರಗಳು ನಿಲ್ಲುತ್ತವೆ. ಮೂತ್ರ ಬರುವುದು ತಡವಾಗುವುದು, ತುಂಬಿದ್ದು ಗೊತ್ತಾಗದಿರುವುದು, ತಾನಾಗಿ ಸೋರುವುದು, ಶೌಚದ ನಂತರ ತೊಳೆದುಕೊಳ್ಳುವಾಗ ನೀರು ತಾಗಿದ್ದೇ ತಿಳಿಯದಿರುವುದು, ಒಂದೇ ಕಾಲಿನ ನೋವು ಎರಡೂ ಕಾಲಿಗೆ ಹರಡುವುದು. ಇವುಗಳಲ್ಲಿ ಯಾವುದೇ ಶುರುವಾದರೂ ರಾತ್ರಿ ಎರಡು ಗಂಟೆಯಾಗಿದ್ದರೂ ಹೊರಡಬೇಕು. ಗಂಟೆಗಳ ಲೆಕ್ಕ ಅದು. ಇಷ್ಟು ಬಿಡಿಸಿ ಬರೆಯೋಕೆ ಕಾರಣ ಇದೆ. ವರ್ಷಗಳ ಹಿಂದೆ ಒಬ್ಬ ತಾಯಿ ಬಂದಿದ್ದರು. ಬೆಳಗಿನಿಂದ ಮೂತ್ರ ಹೋಗಿಲ್ಲ, ನೋವಿಗೆ ನೀರು ಕುಡಿದಿಲ್ಲ ಅದಕ್ಕೇ ಅಂದುಕೊಂಡಿದ್ದರು. ಹತ್ತಿರದ ಒಂದು ಕಡೆ ತೋರಿಸಿದಾಗ ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದ್ದರು, ಮೂತ್ರದ ಬಗ್ಗೆ ಯಾರೂ ಕೇಳಿರಲಿಲ್ಲ. ಅವರಾಗಿ ಹೇಳೋಕೆ ನಾಚಿಕೆ. ನಮ್ಮ ಹತ್ತಿರ ಬಂದದ್ದು ಮೂರನೇ ದಿನ. ಆಪರೇಷನ್ ಆಯಿತು, ಕಾಲು ಸರಿಹೋಯಿತು, ಮೂತ್ರದ ನಿಯಂತ್ರಣ ಪೂರ್ತಿ ಬರಲಿಲ್ಲ. ಇವತ್ತಿಗೂ ಟ್ಯೂಬ್ ಹಾಕಿ ಮೂತ್ರ ತೆಗೆದುಕೊಳ್ಳುತ್ತಾರೆ. ನಾಚಿಕೆ ಬಿಟ್ಟು ಯಜಮಾನರನ್ನು ಇವತ್ತೇ ಕೇಳಿ.

ಎರಡನೆಯದು ಬಲ ಕುಗ್ಗುವುದು, ಅಂದರೆ ಚಪ್ಪಲಿಯ ವಿಷಯ. ಸ್ನಾಯುವಿನ ಬಲವನ್ನು ನಾವು ಸೊನ್ನೆಯಿಂದ ಐದರವರೆಗೆ ಅಳೆಯುತ್ತೇವೆ. ಐದು ಅಂದರೆ ಪೂರ್ತಿ ಬಲ. ನಾಲ್ಕು ಅಂದರೆ ನನ್ನ ಕೈಯ ಒತ್ತಡಕ್ಕೆ ಸ್ವಲ್ಪ ಹೊತ್ತು ತಡೆದು ಸೋಲುತ್ತೆ. ಮೂರು ಅಂದರೆ ತನ್ನ ಭಾರ ಎತ್ತುತ್ತೆ, ಒತ್ತಿದರೆ ನಿಲ್ಲುವುದಿಲ್ಲ. ಅದಕ್ಕೂ ಕೆಳಗೆ ಪಾದ ಜೋತುಬಿದ್ದಂತೆ. ನಿಮ್ಮ ಯಜಮಾನರದು ನಾಲ್ಕು ಇದ್ದು, ವಾರಕ್ಕೊಮ್ಮೆ ನೋಡಿದಾಗ ಅಷ್ಟೇ ಇದ್ದರೆ ಅಥವಾ ಏರಿದರೆ, ಆಪರೇಷನ್ ಇಲ್ಲದೆ ಕಾಯಬಹುದು. ಮೂರಕ್ಕಿಂತ ಕೆಳಗಿದ್ದರೆ, ಅಥವಾ ನಾಲ್ಕಿದ್ದದ್ದು ದಿನದಿನಕ್ಕೆ ಇಳಿಯುತ್ತಿದ್ದರೆ, ನಾನು ಬೇಗ ಆಪರೇಷನ್ ಮಾಡಿಸಿ ಅಂತಲೇ ಹೇಳುತ್ತೇನೆ. ಹೆಚ್ಚು ದಿನ ಅದುಮಿಸಿಕೊಂಡ ನರ ಬಿಡಿಸಿದ ಮೇಲೂ ಪೂರ್ತಿ ಎದ್ದುಕೊಳ್ಳದೆ ಇರಬಹುದು. ಸರಿಯಾಗಿ ಮೂರರಲ್ಲಿ ನಿಂತಿರುವವರ ವಿಷಯದಲ್ಲಿ ನಮ್ಮಲ್ಲೇ ಒಮ್ಮತ ಇಲ್ಲ. ಅಲ್ಲಿ ಅವರ ಕೆಲಸ, ವಯಸ್ಸು, ಸಕ್ಕರೆ ಕಾಯಿಲೆ ಎಲ್ಲ ನೋಡಿ ಕೂತು ಮಾತಾಡಬೇಕಾಗುತ್ತೆ.

ಮೂರನೆಯದು ನೋವು. ಬಲ ಚೆನ್ನಾಗಿದೆ, ಮೂತ್ರ ಸರಿಯಿದೆ, ಆದರೆ ಆರರಿಂದ ಎಂಟು ವಾರ ಸರಿಯಾದ ಚಿಕಿತ್ಸೆ ಕೊಟ್ಟರೂ ಕಾಲಿನ ನೋವು ನಿದ್ದೆ ಮಾಡೋಕೆ ಬಿಡುತ್ತಿಲ್ಲ. ಇಂಥವರಿಗೆ ಆಪರೇಷನ್ ಒಂದು ಆಯ್ಕೆ, ಕಡ್ಡಾಯ ಅಲ್ಲ. ನೆದರ್‌ಲೆಂಡ್ಸ್‌ನಲ್ಲಿ 283 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವನ್ನು ನಾನು ನನ್ನ ರೋಗಿಗಳಿಗೆ ಯಾವಾಗಲೂ ಹೇಳುತ್ತೇನೆ. ಎಲ್ಲರಿಗೂ ಆರರಿಂದ ಹನ್ನೆರಡು ವಾರ ತೀವ್ರ ಕಾಲುನೋವು ಇತ್ತು. ಅರ್ಧ ಜನಕ್ಕೆ ಬೇಗ ಆಪರೇಷನ್, ಇನ್ನರ್ಧ ಜನ ಔಷಧಿಯಲ್ಲಿ ಕಾದರು. ಆಪರೇಷನ್ ಆದವರಿಗೆ ನೋವು ಬೇಗ ಹೋಯಿತು. ಆದರೆ ವರ್ಷ ತುಂಬುವಾಗ ಎರಡೂ ಕಡೆ ನೂರಕ್ಕೆ 95 ಜನ ಚೇತರಿಸಿಕೊಂಡಿದ್ದರು. ಕಾಯೋ ಗುಂಪಿನಲ್ಲಿ ನೂರಕ್ಕೆ 39 ಜನ ಮಧ್ಯದಲ್ಲಿ ತಾಳಲಾರದೆ ಆಪರೇಷನ್ ಮಾಡಿಸಿಕೊಂಡರು, ಅದೂ ನಿಜ. ಹಾಗಾಗಿ ನೋವಿಗೆ ಮಾಡುವ ಆಪರೇಷನ್ನಿನಿಂದ ಸಿಗುವುದು ಮುಖ್ಯವಾಗಿ ಸಮಯ: ದಿನಗೂಲಿಯವನಿಗೆ ಎರಡು ತಿಂಗಳು ಮುಂಚೆ ಕೆಲಸಕ್ಕೆ ಹೋಗುವುದು ಸಣ್ಣ ಮಾತಲ್ಲ. ಆ ತೀರ್ಮಾನ ರೋಗಿಯದು, ಡಾಕ್ಟರದಲ್ಲ.

ಇನ್ನು ನಿಮಗೆ ಬಂದ ಸಲಹೆಗಳು. ಮೊದಲನೇ ಡಾಕ್ಟರು ಕಾಲು ಬಿದ್ದುಹೋಗುತ್ತೆ ಅಂದದ್ದು ಪಾದದ ಬಲ ನೋಡಿಯೋ, ರಿಪೋರ್ಟ್ ನೋಡಿಯೋ ಅಂತ ಕೇಳಿ. ಬಲ ನೋಡಿ ಹೇಳಿದ್ದರೆ ಮಾತಿಗೆ ಬೆಲೆ ಇದೆ. ರಿಪೋರ್ಟ್ ಒಂದರಿಂದ ಹೇಳಿದ್ದರೆ ಅದು ಹೆದರಿಸುವುದು. ಹಲಗೆ ಮೇಲೆ ಮೂರು ತಿಂಗಳು ಮಲಗಿಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಹಿರಿಯ ತಲೆಮಾರಿನ ವೈದ್ಯರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳುತ್ತಿದ್ದರು. ಆದರೆ 1999ರಲ್ಲಿ ಪ್ರಕಟವಾದ, ಎರಡು ವಾರ ಹಾಸಿಗೆ ಹಿಡಿಸಿದವರನ್ನೂ ಓಡಾಡಿಕೊಂಡಿದ್ದವರನ್ನೂ ಹೋಲಿಸಿದ ಪರೀಕ್ಷೆಯಲ್ಲಿ ಮಲಗಿದ್ದವರಿಗೆ ಏನೂ ಹೆಚ್ಚು ಲಾಭ ಆಗಲಿಲ್ಲ. ತಡೆಯಲಾರದ ನೋವಿದ್ದಾಗ ಒಂದೆರಡು ದಿನ ಮಲಗಲಿ. ಆಮೇಲೆ ಮನೆಯಂಗಳದಲ್ಲಿ ಐದೈದು ನಿಮಿಷ, ದಿನಕ್ಕೆ ಹತ್ತು ಸಲ ನಡೆಯಲಿ. ಮೂರು ತಿಂಗಳು ಮಲಗಿದ ಬೆನ್ನು ಎದ್ದ ದಿನ ಚೀಲ ಇರಲಿ, ಬಕೆಟ್ ಎತ್ತೋಕೂ ಆಗದ ಸ್ಥಿತಿಗೆ ಬಂದಿರುತ್ತೆ.

ತುಳಿಸುವುದರ ಬಗ್ಗೆ ಅತ್ತೆಯವರಿಗೆ ನೀವೇ ಹೇಳಲಾರಿರಿ, ನನ್ನ ಹೆಸರು ಹೇಳಿ. ಬರೀ ಸ್ನಾಯು ಹಿಡಿದ ಉಳುಕಿಗೆ ಯಾರು ತುಳಿದರೂ, ತುಳಿಯದಿದ್ದರೂ ನಾಲ್ಕೈದು ದಿನದಲ್ಲಿ ಕಡಿಮೆಯಾಗುತ್ತೆ. ಆ ಅನುಭವದಿಂದ ನಂಬಿಕೆ ಬೆಳೆದಿದೆ. ಆದರೆ ಅಂಚು ಬಿರಿದ ಕಡುಬಿನ ಮೇಲೆ ಅರವತ್ತು ಕೆಜಿ ಭಾರ ಬಿದ್ದರೆ ಹೂರಣ ಒಳಗೆ ಹೋಗುವುದಿಲ್ಲ, ಇನ್ನಷ್ಟು ಹೊರಗೆ ಬರಬಹುದು. ಕಾಲು ಎಳೆಯುವುದು, ಸೊಂಟ ತಿರುಚಿ ಲಟಕ್ ಅನ್ನಿಸುವುದೂ ಬಲ ಕುಗ್ಗಿದವರಿಗೆ ಬೇಡ. ಬೆಚ್ಚಗಿನ ಎಣ್ಣೆ ಸವರಿ ಕಾವು ಕೊಟ್ಟರೆ ಬಿಗಿದ ಸ್ನಾಯು ಸಡಿಲವಾಗಿ ಹಾಯೆನಿಸುತ್ತೆ, ಅದಕ್ಕೆ ಅಡ್ಡಿಯಿಲ್ಲ. ಡಿಸ್ಕ್ ಅದರಿಂದ ಒಳಗೆ ಹೋಗುವುದಿಲ್ಲ ಅಷ್ಟೆ. ಜೋಮು ಹಿಡಿದ ಕಾಲಿನ ಮೇಲೆ ಬಿಸಿನೀರಿನ ಚೀಲ ಮಾತ್ರ ಇಡಬೇಡಿ. ಬಿಸಿ ಗೊತ್ತಾಗದೆ ಚರ್ಮ ಸುಟ್ಟು ಬೊಬ್ಬೆ ಎದ್ದು ಬಂದವರಿದ್ದಾರೆ.

ಔಷಧಿ ಬಗ್ಗೆ ಎರಡು ಮಾತು. ನೋವಿನ ಮಾತ್ರೆಗಳನ್ನು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ವಾರಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾಗುತ್ತೆ, ಮೂತ್ರಪಿಂಡ ಕೆಡುತ್ತೆ. ಡಾಕ್ಟರು ಹೇಳಿದಷ್ಟು ದಿನ, ಊಟದ ನಂತರ, ಅಷ್ಟೇ. ನರಕ್ಕೆ ಅಂತ ಬರೆಯುವ ಪ್ರಿಗ್ಯಾಬಲಿನ್ ಎಲ್ಲ ಚೀಟಿಯಲ್ಲೂ ಇರುತ್ತೆ. ಆಸ್ಟ್ರೇಲಿಯಾದಲ್ಲಿ ನಡೆದು 2017ರಲ್ಲಿ ಬಂದ ಪರೀಕ್ಷೆಯಲ್ಲಿ ಈ ಕಾಲುನೋವಿಗೆ ಅದು ಔಷಧಿಯೇ ಇಲ್ಲದ ತೋರಿಕೆಯ ಮಾತ್ರೆಗಿಂತ ಹೆಚ್ಚು ಕೆಲಸ ಮಾಡಲಿಲ್ಲ, ತಲೆಸುತ್ತು ಮಾತ್ರ ಹೆಚ್ಚಿತ್ತು. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ತಾವಾಗಿ ಒಮ್ಮೆಗೇ ನಿಲ್ಲಿಸಬೇಡಿ, ಕೇಳಿ ಇಳಿಸಿ. ಸೊಂಟಕ್ಕೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವರಿಗೆ ಕೆಲವು ವಾರ ನೋವು ಇಳಿಸುತ್ತೆ, ದೇಹ ತಾನೇ ತಿರುಳನ್ನು ಕರಗಿಸುವ ತನಕ ದಾಟಿಸುವ ಸೇತುವೆ ಅದು. ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆ ಏರುತ್ತೆ. ಕುಗ್ಗಿದ ಬಲವನ್ನು ಅದು ವಾಪಸ್ ತರುವುದಿಲ್ಲ, ಆದ್ದರಿಂದ ಪಾದ ಸೋಲುತ್ತಿರುವವರಿಗೆ ಇಂಜೆಕ್ಷನ್ ಕೊಟ್ಟು ಕಾಯಿಸುವುದು ಸರಿಯಲ್ಲ. ಬೆಲ್ಟ್ ಬೇಕಿದ್ದರೆ ಬಸ್ಸಿನಲ್ಲಿ ಹೋಗುವಾಗ ಹಾಕಲಿ, ಇಡೀ ದಿನ ಬೇಡ. ಸದ್ಯಕ್ಕೆ ನೆಲದ ಮೇಲೆ ಕೂತು ಉಣ್ಣುವುದು, ಕುಕ್ಕರಗಾಲಲ್ಲಿ ಕೂರುವ ಶೌಚಾಲಯ ಎರಡನ್ನೂ ತಪ್ಪಿಸಿ. ನಡುವೆ ತೂತಿರುವ ಕಮೋಡ್ ಕುರ್ಚಿ ಸಿಗುತ್ತೆ.

ಅತ್ತೆಯವರ ಭಯಕ್ಕೆ ಬರುತ್ತೇನೆ. ಬೆನ್ನುಹುರಿ ಮೇಲೆಯೇ ಮುಗಿಯುತ್ತೆ ಅಂದೆನಲ್ಲ, ಎಲ್4-ಎಲ್5ರಲ್ಲಿ ಕೈ ಹಾಕುವಾಗ ಅಲ್ಲಿ ಹುರಿ ಇರುವುದೇ ಇಲ್ಲ. ಎರಡೂ ಕಾಲು ಸ್ವಾಧೀನ ತಪ್ಪುವುದು ಈ ಆಪರೇಷನ್ನಿನಲ್ಲಿ ತೀರಾ ಅಪರೂಪ. ಈಗ ಮಾಡುವುದು ಮೈಕ್ರೋಡಿಸ್ಕೆಕ್ಟಮಿ: ಎರಡು ಮೂರು ಸೆಂಟಿಮೀಟರ್ ಗಾಯ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ನರವನ್ನು ಪಕ್ಕಕ್ಕೆ ಸರಿಸಿ ಹೊರಬಂದ ತುಂಡನ್ನು ಮಾತ್ರ ತೆಗೆಯುವುದು. ಇಡೀ ಡಿಸ್ಕ್ ತೆಗೆಯುವುದಿಲ್ಲ. ಅದೇ ದಿನ ಅಥವಾ ಮಾರನೇ ದಿನ ನಡೆಸುತ್ತೇವೆ. ಅಪಾಯ ಇಲ್ಲವೇ ಇಲ್ಲ ಅಂದರೆ ಸುಳ್ಳು. ನರದ ಹೊದಿಕೆ ಹರಿದು ದ್ರವ ಸೋರಬಹುದು, ಸೋಂಕಾಗಬಹುದು, ನರಕ್ಕೆ ಪೆಟ್ಟಾಗುವುದು ಅಪರೂಪಕ್ಕೆ ಇದೆ. ಅದೇ ಜಾಗದಲ್ಲಿ ಮತ್ತೆ ತಿರುಳು ಹೊರಬರುವುದು ನೂರಕ್ಕೆ ಐದರಿಂದ ಹತ್ತು ಜನರಿಗಾದರೂ ಆಗುತ್ತೆ. ಕಾಲಿನ ನೋವು ಹೋಗುತ್ತೆ, ಸೊಂಟದ ನೋವು ಸ್ವಲ್ಪ ಉಳಿಯಬಹುದು. ಜೋಮು ತಿಂಗಳುಗಟ್ಟಲೆ ಹಿಡಿಯುತ್ತೆ. ಮೊದಲ ಸಲದ, ಒಂದೇ ಜಾಗದ ಇಂಥ ಡಿಸ್ಕಿಗೆ ಸಾಮಾನ್ಯವಾಗಿ ಸ್ಕ್ರೂ ರಾಡು ಬೇಕಾಗುವುದಿಲ್ಲ. ಯಾರಾದರೂ ಬೇಕು ಅಂದರೆ ಯಾಕೆ ಅಂತ ಕೇಳಿ, ಇನ್ನೊಬ್ಬರ ಅಭಿಪ್ರಾಯ ತೆಗೆದುಕೊಳ್ಳಿ.

ಇದರ ಮಧ್ಯೆ ಜ್ವರ, ತೂಕ ಇಳಿಯುವುದು, ಮಲಗಿದರೂ ಕಡಿಮೆಯಾಗದ ರಾತ್ರಿ ನೋವು ಇದ್ದರೆ ಅದನ್ನು ಬೇರೆಯಾಗಿ ಹೇಳಿ. ನಮ್ಮಲ್ಲಿ ಬೆನ್ನುಮೂಳೆಯ ಕ್ಷಯ ಈಗಲೂ ಇದೆ, ಅದರ ದಾರಿಯೇ ಬೇರೆ.

ಚೀಲ ಎತ್ತುವುದರ ಬಗ್ಗೆ. ಆಪರೇಷನ್ ಆಗಲಿ ಆಗದಿರಲಿ, ಮೊದಲ ಆರು ವಾರ ಭಾರ ಬೇಡ. ಆಮೇಲೆ ಫಿಸಿಯೋಥೆರಪಿಯಲ್ಲಿ ಹೊಟ್ಟೆ, ಬೆನ್ನು, ತೊಡೆಯ ಸ್ನಾಯು ಗಟ್ಟಿಮಾಡಿಕೊಂಡು ಮೂರು ತಿಂಗಳ ಹೊತ್ತಿಗೆ ಬಹಳ ಜನ ದುಡಿಮೆಗೆ ಮರಳುತ್ತಾರೆ. ಐವತ್ತು ಕೆಜಿ ಚೀಲವನ್ನು ನೆಲದಿಂದ ಒಬ್ಬರೇ ಎತ್ತಿ ತಿರುಗಿ ಲಾರಿಗೆ ಹಾಕುವ ಕೆಲಸಕ್ಕೆ ಮಾತ್ರ ಅವರು ಹಿಂದಿರುಗುವುದು ನನಗೆ ಇಷ್ಟವಿಲ್ಲ. ಇಬ್ಬರು ಸೇರಿ ಎತ್ತುವುದು, ಅಥವಾ ತೂಕ, ಆಯುವುದು, ಲೆಕ್ಕದ ಕಡೆಗೆ ಬದಲಾಯಿಸಿಕೊಳ್ಳುವುದು ಸಾಧ್ಯವೇ ಅಂತ ಮಂಡಿಯವರ ಹತ್ತಿರ ಈಗಲೇ ಮಾತಾಡಿ. ಅದಕ್ಕೆ ಡಾಕ್ಟರ ಚೀಟಿ ಬೇಕಾದರೆ ಕೇಳಿ ಬರೆಸಿಕೊಳ್ಳಿ, ಸಂಕೋಚ ಬೇಡ.

ಎಲ್ಲಿಗೆ ಹೋಗಬೇಕು ಅಂತ ಗೊಂದಲವಿದ್ದರೆ ಮೊದಲು ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ತೋರಿಸಿ. ಬೆಂಗಳೂರಿಗೆ ಹೋಗುವುದಾದರೆ ನಿಮ್ಹಾನ್ಸ್‌ನ ನರಶಸ್ತ್ರಚಿಕಿತ್ಸಾ ವಿಭಾಗ, ಸಂಜಯ್ ಗಾಂಧಿ ಮೂಳೆ ಆಸ್ಪತ್ರೆ ಎರಡೂ ಸರ್ಕಾರದವು. ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗಿಟ್ಟುಕೊಂಡು, ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಏನು ಸಿಗುತ್ತೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ. ಎಂಆರ್‌ಐ ರಿಪೋರ್ಟ್ ಹಾಳೆ ಸಾಲದು, ಫಿಲ್ಮ್ ಅಥವಾ ಸಿಡಿ ತಗೊಂಡು ಹೋಗಿ. ಕಾಲಿಗೆ ಹವಾಯಿ ಬದಲು ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಸಿ, ಮೆಟ್ಟಿಲಲ್ಲಿ ಎಡವಿ ಬೀಳದ ಹಾಗೆ. ಒಳಗೆ ಹೋದ ತಕ್ಷಣ ನೋವಿನ ಕತೆಗಿಂತ ಮೊದಲು ಚಪ್ಪಲಿಯ ವಿಷಯ ಹೇಳಿ, ಯಾವ ದಿನದಿಂದ ಶುರು ಅನ್ನೋದನ್ನೂ ಹೇಳಿ. ಪರೀಕ್ಷೆ ಆದ ಮೇಲೆ ಎಡ ಹೆಬ್ಬೆರಳಿನ ಬಲ, ಎಡ ಪಾದದ ಬಲ ಐದರಲ್ಲಿ ಎಷ್ಟು ಅಂತ ಚೀಟಿಯಲ್ಲಿ ತಾರೀಖು ಹಾಕಿ ಬರೆಸಿಕೊಂಡು ಬನ್ನಿ. ಆಪರೇಷನ್ ಬೇಡ, ಕಾಯೋಣ ಅಂದರೆ, ಮುಂದಿನ ವಾರ ಹೋಲಿಸಿ ನೋಡೋಕೆ ಆ ಎರಡು ಅಂಕಿ ಬೇಕಾಗುತ್ತವೆ.